ಕೋಳಿಮನೆಯ ಕಲಾವಿದೆ

ಹೋದ ವರ್ಷ ನಮ್ಮ ಕಾಲೇಜಿನಲ್ಲಿ ಗಂಟೆ ಹೊಡೆಯುತ್ತಿದ್ದ ಹಿರಿಯ ಜವಾನರೊಬ್ಬರು ನಿವೃತ್ತರಾದರು. ಬೀಳ್ಕೊಡುಗೆಯ ದಿನ ಅವರ ಭಾವಚಿತ್ರ ತೆಗೆಯುವ ಕೆಲಸ ನನ್ನ ಪಾಲಿಗೆ ಬಂತು. ನಾನೇನೂ ಕಸಬುದಾರನಲ್ಲ. ಸೋದರಮಾವನಿಂದ ಎರವಲು ತಂದ ಕ್ಯಾಮರಾವನ್ನು ಕೊರಳಿಗೆ ನೇತುಹಾಕಿಕೊಂಡು ಮದುವೆ, ಜಾತ್ರೆ, ಹಕ್ಕಿ, ಮೋಡ, ಹಾಳು ದೇಗುಲ ಎಂದು ಕಂಡದ್ದನ್ನೆಲ್ಲ ಹಿಡಿಯುವ ಹವ್ಯಾಸಿ. ತೆಗೆಯುವುದಕ್ಕಿಂತ ತೆಗೆದದ್ದನ್ನು ತಿದ್ದುವುದರಲ್ಲಿಯೇ ನನಗೆ ಹೆಚ್ಚು ಉತ್ಸಾಹ. ಆ ರಾತ್ರಿ ಮೊಬೈಲ್ ಹಿಡಿದು ಕುಳಿತು ಅವರ ಕೆನ್ನೆಯ ಸುಕ್ಕುಗಳನ್ನು ಅಳಿಸಿದೆ. ಕಣ್ಣ ಕೆಳಗಿನ ಕಪ್ಪನ್ನು ತಿಳಿಗೊಳಿಸಿದೆ. ಬಲಹುಬ್ಬಿನ ಮೇಲಿದ್ದ ಹಳೆಯ ಗಾಯದ ಕಲೆಯನ್ನೂ ಉಳಿಸಲಿಲ್ಲ. ಕಟ್ಟು ಹಾಕಿಸಿದ ಚಿತ್ರವನ್ನು ಕೈಗಿತ್ತಾಗ ಅವರು ಬಹಳ ಹೊತ್ತು ನೋಡಿದರು. ಅವರ ಬೆರಳು ತಾನಾಗಿಯೇ ಮೇಲೆ ಹೋಗಿ ಹುಬ್ಬಿನ ಆ ಕಲೆಯನ್ನು ಮುಟ್ಟಿ ನೋಡಿಕೊಂಡಿತು. ಚೆನ್ನಾಗಿದೆ ಎಂದು ಹೇಳಿ ಚಿತ್ರವನ್ನು ಕಂಕುಳಲ್ಲಿಟ್ಟುಕೊಂಡು ಹೊರಟುಹೋದರು. ನಾನು ಮಾಡಿದ ತಪ್ಪೇನೆಂದು ಆಗ ಸ್ಪಷ್ಟವಾಗಿ ತಿಳಿಯಲಿಲ್ಲ; ತಪ್ಪಾಗಿದೆ ಎಂಬುದು ಮಾತ್ರ ತಿಳಿಯಿತು.

ಇದಾದ ಕೆಲವು ವಾರಗಳಿಗೆ ಛಾಯಾಚಿತ್ರಣದ ಚರಿತ್ರೆಯನ್ನು ಕುರಿತ ಪುಸ್ತಕವೊಂದನ್ನು ತಿರುವಿಹಾಕುತ್ತಿದ್ದಾಗ ಒಬ್ಬ ವೃದ್ಧರ ಮುಖ ನನ್ನನ್ನು ತಡೆದು ನಿಲ್ಲಿಸಿತು. ಕಪ್ಪು ಹಿನ್ನೆಲೆ, ಕೆದರಿದ ಬಿಳಿಯ ಕೂದಲು, ನೀರು ತುಂಬಿದಂತೆ ಹೊಳೆಯುವ ಕಣ್ಣು, ಹಣೆಯ ಮೇಲೆ ಉತ್ತ ಹೊಲದ ಸಾಲುಗಳಂತೆ ಗೆರೆಗಳು. ಒಂದು ಗೆರೆಯನ್ನೂ ಯಾರೂ ಅಳಿಸಿರಲಿಲ್ಲ. ಆ ವೃದ್ಧರು ಖಗೋಳ ವಿಜ್ಞಾನಿ ಸರ್ ಜಾನ್ ಹರ್ಷಲ್. 1867ರಲ್ಲಿ ಆ ಚಿತ್ರವನ್ನು ತೆಗೆದವಳು ಜೂಲಿಯಾ ಮಾರ್ಗರೆಟ್ ಕ್ಯಾಮರಾನ್. ಹೆಸರಿನಲ್ಲಿಯೇ ಕ್ಯಾಮರಾ ಇದೆಯಲ್ಲ ಎಂದು ಮೊದಲು ನಗು ಬಂತು. ಆದರೆ ಆ ಹೆಸರು ಆಕೆಗೆ ಬಂದದ್ದು ಮದುವೆಯಿಂದ. ಕ್ಯಾಮರಾ ಕೈಗೆ ಬಂದದ್ದು ಅದಾದ ಇಪ್ಪತ್ತೈದು ವರ್ಷಗಳ ಮೇಲೆ. ಆಕೆಯ ಬಾಳಿನ ಕಥೆಯನ್ನು ಸಹಪಾಠಿಗಳ ಮುಂದಿಡಬೇಕೆಂಬ ಆಸೆಯಿಂದ ಈ ಲೇಖನವನ್ನು ಬರೆಯುತ್ತಿದ್ದೇನೆ.

ಜೂಲಿಯಾ ಹುಟ್ಟಿದ್ದು ನಮ್ಮ ದೇಶದಲ್ಲಿಯೇ, ಕಲ್ಕತ್ತೆಯಲ್ಲಿ, 1815ನೆಯ ಇಸವಿ ಜೂನ್ 11ರಂದು. ತಂದೆ ಜೇಮ್ಸ್ ಪ್ಯಾಟಲ್ ಈಸ್ಟ್ ಇಂಡಿಯಾ ಕಂಪೆನಿಯ ಅಧಿಕಾರಿ. ತಾಯಿ ಫ್ರೆಂಚ್ ಮನೆತನದವಳು. ಏಳು ಮಂದಿ ಅಕ್ಕತಂಗಿಯರು. ಉಳಿದವರೆಲ್ಲ ರೂಪಕ್ಕೆ ಹೆಸರಾದವರು. ಜೂಲಿಯಾ ಹೆಸರಾದದ್ದು ಚುರುಕುತನಕ್ಕೆ ಮತ್ತು ಹಟಕ್ಕೆ. ರೂಪವತಿಯರ ನಡುವೆ ರೂಪವಿಲ್ಲದವಳೆನಿಸಿಕೊಂಡು ಬೆಳೆದ ಹುಡುಗಿ ಮುಂದೆ ಮುಖಗಳಲ್ಲಿ ಸೌಂದರ್ಯವನ್ನು ಹುಡುಕುವುದಕ್ಕೇ ಬಾಳನ್ನು ಮುಡಿಪಾಗಿಟ್ಟಳೆಂಬುದನ್ನು ನೆನೆದಾಗ ನನಗೆ ವಿಸ್ಮಯವಾಗುತ್ತದೆ.

ವಿದ್ಯಾಭ್ಯಾಸವೆಲ್ಲ ಫ್ರಾನ್ಸಿನಲ್ಲಿ. 1836ರಲ್ಲಿ ಕಾಯಿಲೆಯಿಂದ ಚೇತರಿಸಿಕೊಳ್ಳಲೆಂದು ಆಫ್ರಿಕದ ತುದಿಯ ಗುಡ್‌ಹೋಪ್ ಭೂಶಿರದಲ್ಲಿ ತಂಗಿದ್ದಾಗ ಇಬ್ಬರ ಪರಿಚಯವಾಯಿತು. ಒಬ್ಬರು, ದಕ್ಷಿಣದ ಆಕಾಶವನ್ನು ಅಳೆಯಲು ಅಲ್ಲಿಗೆ ದೂರದರ್ಶಕ ಹೊತ್ತು ಬಂದಿದ್ದ ಹರ್ಷಲ್. ಇನ್ನೊಬ್ಬರು ನ್ಯಾಯಶಾಸ್ತ್ರಜ್ಞ ಚಾರ್ಲ್ಸ್ ಹೇ ಕ್ಯಾಮರಾನ್. ಜೂಲಿಯಾಗಿಂತ ಇಪ್ಪತ್ತು ವರ್ಷ ಹಿರಿಯರು. 1838ರಲ್ಲಿ ಕಲ್ಕತ್ತೆಯಲ್ಲಿ ಇವರಿಬ್ಬರ ವಿವಾಹವಾಯಿತು. ನಮ್ಮ ನ್ಯಾಯಾಲಯಗಳಲ್ಲಿ 1862ರಿಂದ 2024ರ ಜೂನ್ ಕೊನೆಯವರೆಗೆ ನಡೆದುಬಂದ ದಂಡಸಂಹಿತೆಯ ಕರಡನ್ನು ಮೆಕಾಲೆಯ ಅಧ್ಯಕ್ಷತೆಯಲ್ಲಿ ಸಿದ್ಧಪಡಿಸಿದ ಆಯೋಗದಲ್ಲಿ ಈ ಕ್ಯಾಮರಾನರೂ ಇದ್ದರು. ಹರ್ಷಲರೊಡನೆ ಬೆಳೆದ ಸ್ನೇಹವಾದರೋ ಕೊನೆಯವರೆಗೂ ಉಳಿಯಿತು. ಬೆಳಕಿನಿಂದ ಮೂಡಿದ ಚಿತ್ರ ಮಾಸಿಹೋಗದಂತೆ ನಿಲ್ಲಿಸುವ ಹೈಪೋ ಎಂಬ ಲವಣದ ಗುಣವನ್ನು ಕಂಡುಹಿಡಿದವರು ಅವರು. ನೆಗೆಟಿವ್, ಪಾಸಿಟಿವ್ ಎಂಬ ಮಾತುಗಳನ್ನು ಈ ಕಲೆಯಲ್ಲಿ ಬಳಕೆಗೆ ತಂದವರೂ ಅವರೇ. ಛಾಯಾಚಿತ್ರವೆಂಬುದು ಇನ್ನೂ ಕೈಕೂಸಾಗಿದ್ದಾಗಲೇ ಅದರ ಮಾದರಿಗಳನ್ನು ಅವರು ಕಲ್ಕತ್ತೆಗೆ, ಈಕೆಗೆ ಕಳುಹಿಸಿಕೊಟ್ಟಿದ್ದರು.

1848ರಲ್ಲಿ ದಂಪತಿಗಳು ಇಂಗ್ಲೆಂಡಿಗೆ ಹೋಗಿ ನೆಲಸಿದರು. 1860ರಲ್ಲಿ ವೈಟ್ ದ್ವೀಪದ ಫ್ರೆಷ್‌ವಾಟರ್ ಎಂಬ ಹಳ್ಳಿಯಲ್ಲಿ, ಕವಿ ಟೆನಿಸನ್ನರ ನೆರೆಯಲ್ಲಿ ಮನೆ ಕೊಂಡರು. ಸಿಂಹಳದಲ್ಲಿದ್ದ ತಮ್ಮ ಕಾಫಿ ತೋಟದ ನೆನಪಿಗೆ ಆ ಮನೆಗೆ ಡಿಂಬೋಲ ಎಂದು ಹೆಸರಿಟ್ಟರು. ಆರು ಮಂದಿ ಸ್ವಂತ ಮಕ್ಕಳು, ಸಾಕಿಕೊಂಡ ಮಕ್ಕಳು, ಬಂದುಹೋಗುವ ಅತಿಥಿಗಳು, ಹೀಗೆ ತುಂಬಿದ ಮನೆ. ಆದರೆ ಮಕ್ಕಳು ಬೆಳೆದು ಹೊರಟರು. ಗಂಡ ತೋಟ ನೋಡಿಕೊಳ್ಳಲು ಪದೇ ಪದೇ ಸಿಂಹಳಕ್ಕೆ ಹೋಗತೊಡಗಿದ. 1863ರ ಡಿಸೆಂಬರಿನಲ್ಲಿ, ಒಂಟಿಯಾಗಿ ಬೇಸರಗೊಂಡಿದ್ದ ತಾಯಿಗೆ ಹೊತ್ತು ಹೋಗಲೆಂದು ಮಗಳೂ ಅಳಿಯನೂ ಒಂದು ಕ್ಯಾಮರಾವನ್ನು ಉಡುಗೊರೆ ಕೊಟ್ಟರು. ಆಗ ಆಕೆಗೆ ನಲವತ್ತೆಂಟು ವರ್ಷ. ನಮ್ಮಲ್ಲಿ ಆ ವಯಸ್ಸಿನ ಹೆಂಗಸರು ಇನ್ನು ನಮ್ಮದೇನಿದೆ ಎಂದು ಸೊಸೆಯ ಕೈಗೆ ಬೀಗದ ಕೈ ಕೊಟ್ಟು ಕೂರುವ ಕಾಲವೊಂದಿತ್ತು. ಈಕೆ ಕಲ್ಲಿದ್ದಲಿನ ಕೋಣೆಯನ್ನು ಗುಡಿಸಿ ಕತ್ತಲೆ ಕೋಣೆ ಮಾಡಿಕೊಂಡಳು. ಗಾಜು ಹಾಕಿದ್ದ ಕೋಳಿಮನೆಯಿಂದ ಕೋಳಿಗಳನ್ನು ಹೊರಗಟ್ಟಿ ಅದನ್ನೇ ಚಿತ್ರಶಾಲೆ ಮಾಡಿಕೊಂಡಳು.

ಮೊಬೈಲಿನ ಗುಂಡಿಯೊತ್ತುವ ನಮಗೆ ಆ ಕಾಲದ ಕೆಲಸದ ಕಷ್ಟವನ್ನು ಸ್ವಲ್ಪ ಹೇಳಬೇಕು. ಹನ್ನೊಂದು ಅಂಗುಲ ಉದ್ದ, ಒಂಬತ್ತು ಅಂಗುಲ ಅಗಲದ ಗಾಜಿನ ಫಲಕವನ್ನು ಚೊಕ್ಕಟವಾಗಿ ಒರೆಸಿ, ಅದರ ಮೇಲೆ ಕೊಲೋಡಿಯನ್ ಎಂಬ ಅಂಟುದ್ರವವನ್ನು ಎಲ್ಲೆಡೆಗೂ ಸಮನಾಗಿ ಹರಡುವಂತೆ ಹೊಯ್ಯಬೇಕು. ಕತ್ತಲೆ ಕೋಣೆಯಲ್ಲಿ ಅದನ್ನು ಸಿಲ್ವರ್ ನೈಟ್ರೇಟಿನ ತೊಟ್ಟಿಯಲ್ಲಿ ಅದ್ದಬೇಕು. ಅದು ಒದ್ದೆಯಾಗಿರುವಾಗಲೇ ಕ್ಯಾಮರಾದಲ್ಲಿಟ್ಟು ಚಿತ್ರ ತೆಗೆದು, ಒದ್ದೆ ಆರುವ ಮೊದಲೇ ಓಡಿಬಂದು ತೊಳೆದು ಬಿಂಬವನ್ನು ಮೂಡಿಸಬೇಕು. ಒಂದು ಕೂದಲು, ಒಂದು ಧೂಳಿನ ಕಣ ಬಿದ್ದರೂ ಗುರುತು ಉಳಿಯಿತೆಂದೇ ಅರ್ಥ. ಹೀಗೆ ಸಿದ್ಧವಾದ ಗಾಜಿನ ನೆಗೆಟಿವನ್ನು ಮೊಟ್ಟೆಯ ಬಿಳಿಯ ಲೋಳೆ ಬಳಿದ ಕಾಗದದ ಮೇಲಿರಿಸಿ ಬಿಸಿಲಿಗೆ ಹಿಡಿದು ಅಚ್ಚು ತೆಗೆಯಬೇಕು. ಆಮೇಲೆ ಬಾವಿಯಿಂದ ಸೇದಿ ತಂದ ನೀರಿನಲ್ಲಿ ಮತ್ತೆ ಮತ್ತೆ ತೊಳೆಯಬೇಕು. ಸಿಲ್ವರ್ ನೈಟ್ರೇಟ್ ತಗುಲಿದ ಕೈ, ಬಟ್ಟೆ ಎಲ್ಲವೂ ಕಪ್ಪು. ಹೊಸ ಫಲಕವೊಂದು ಚೆನ್ನಾಗಿ ಬಂದೊಡನೆ ಅದನ್ನು ಗಂಡನಿಗೆ ತೋರಿಸಲು ಆಕೆ ಊಟದ ಮನೆಗೆ ಓಡಿಬರುತ್ತಿದ್ದಳಂತೆ. ತೊಟ್ಟಿಕ್ಕಿದ ಹನಿಗಳಿಂದ ಮೇಜಿನ ಹಾಸುಗಳೆಲ್ಲ ಹಾಳಾದವು. ಬಿಳಿಗಡ್ಡದ ಆ ಪಂಡಿತ ಮಾತ್ರ ಒಮ್ಮೆಯೂ ಗದರಿಸದೆ ಸಂತೋಷದಿಂದ ನೋಡುತ್ತಿದ್ದನು.

ಯಾರೂ ಆಕೆಗೆ ಹೇಳಿಕೊಡಲಿಲ್ಲ. ಕ್ಯಾಮರಾವನ್ನು ಎಲ್ಲಿಡಬೇಕು, ಕುಳಿತವರನ್ನು ಎಷ್ಟು ದೂರದಲ್ಲಿರಿಸಬೇಕು ಎಂಬುದೂ ಮೊದಲಿಗೆ ತಿಳಿಯದು. ಊರಿನ ರೈತನೊಬ್ಬನಿಗೆ ಅರ್ಧ ಕ್ರೌನ್ ಕೂಲಿ ಕೊಟ್ಟು ಕೂರಿಸಿ, ಗಂಟೆಗಟ್ಟಲೆ ಹೆಣಗಾಡಿ ಮೊದಲ ಚಿತ್ರವನ್ನು ತೆಗೆದಳು. ಗೆದ್ದ ಹಿಗ್ಗಿನಲ್ಲಿ ಗಾಜಿನ ಮೇಲೆ ಕೈಯಾಡಿಸಿದ್ದೇ ತಡ, ಚಿತ್ರವೆಲ್ಲ ಅಳಿಸಿಹೋಯಿತು! ಆಕೆ ಎದೆಗುಂದಲಿಲ್ಲ. 1864ರ ಜನವರಿ ಕೊನೆಯ ವಾರದಲ್ಲಿ ಆ್ಯನಿ ಫಿಲ್ಪಾಟ್ ಎಂಬ ಚಿಕ್ಕ ಹುಡುಗಿಯನ್ನು ಕೂರಿಸಿ ತೆಗೆದ ಚಿತ್ರ ಸರಿಯಾಗಿ ಬಂತು. ಅದೇ ದಿನ ಅಚ್ಚು ತೆಗೆದು, ತೊಳೆದು, ಕಟ್ಟು ಹಾಕಿ ಹುಡುಗಿಯ ತಂದೆಗೆ ಕೊಟ್ಟಳು. ತನ್ನ ಮೊದಲ ಯಶಸ್ಸು ಇದೆಂದು ತಾನೇ ಬರೆದಿಟ್ಟಳು. ಆ ವರ್ಷ ಮುಗಿಯುವುದರೊಳಗೆ ಲಂಡನ್ನಿನ ಛಾಯಾಚಿತ್ರ ಸಂಘದ ಸದಸ್ಯೆಯೂ ಆದಳು.

ಆ ಕಾಲದ ಕಸಬುದಾರರ ಪದ್ಧತಿ ಬೇರೆ. ಕಂಬ, ಪರದೆ, ಹೂಕುಂಡಗಳ ನಡುವೆ ಗಿರಾಕಿಯನ್ನು ನಿಲ್ಲಿಸಿ, ತಲೆ ಅಲುಗದಂತೆ ಹಿಂದಿನಿಂದ ಕಬ್ಬಿಣದ ಕವೆ ಕೊಟ್ಟು, ಅಡಿಯಿಂದ ಮುಡಿಯವರೆಗೂ ಚೂಪಾಗಿ ಕಾಣುವಂತೆ ಪುಟ್ಟ ಚಿತ್ರ ತೆಗೆಯುವರು. ಕೋಟಿನ ಗುಂಡಿಗಳೆಲ್ಲ ಎಣಿಸುವಷ್ಟು ಸ್ಪಷ್ಟ. ಮನುಷ್ಯ ಮಾತ್ರ ಮರದ ಬೊಂಬೆ. ಶ್ರೀಮತಿ ಕ್ಯಾಮರಾನ್ ಇದೆಲ್ಲವನ್ನೂ ಬಿಟ್ಟಳು. ಕಪ್ಪು ಬಟ್ಟೆಯ ಹಿನ್ನೆಲೆ, ಒಂದು ಕಡೆಯಿಂದ ಬೀಳುವ ಬೆಳಕು, ಫಲಕದ ತುಂಬ ಒಂದೇ ಮುಖ. ಕುಳಿತವರು ಕೆಲವು ವೇಳೆ ಐದಾರು ನಿಮಿಷ ಮಿಸುಕದೆ ಕೂರಬೇಕು. ಉಸಿರಾಟದಿಂದ ಅಲುಗಿದರೆ ಆ ಅಲುಗಾಟವೂ ಚಿತ್ರದಲ್ಲಿ ಸೇರಿಕೊಳ್ಳುವುದು. ಲೆನ್ಸನ್ನು ತಿರುಗಿಸುತ್ತ ಬರುವಾಗ ಕಣ್ಣಿಗೆ ಸುಂದರವೆಂದು ತೋರಿದ ಕಡೆ ಆಕೆ ನಿಲ್ಲಿಸಿಬಿಡುವಳು. ಇನ್ನೂ ಚೂಪು ಮಾಡಲು ಹೋಗುವುದಿಲ್ಲ. ಆದ್ದರಿಂದ ಆಕೆಯ ಚಿತ್ರಗಳಲ್ಲಿ ಕಣ್ಣು ತಿಳಿಯಾಗಿದ್ದರೆ ಕಿವಿ ಮಂಜು; ಹಣೆ ಬೆಳಕಿನಲ್ಲಿದ್ದರೆ ಭುಜ ಕತ್ತಲೆಯಲ್ಲಿ ಕರಗಿಹೋಗಿರುತ್ತದೆ. ಮಾತನಾಡುವಾಗ ನಾವು ಒಬ್ಬರ ಮುಖವನ್ನು ನೋಡುವುದೂ ಹೀಗೆಯೇ ಅಲ್ಲವೇ?

ಆಕೆ ಆರಿಸಿಕೊಂಡ ವಸ್ತುಗಳು ಒಂದೇ ಬಗೆಯವಲ್ಲ. ಟೆನಿಸನ್, ಬ್ರೌನಿಂಗ್, ಕಾರ್ಲೈಲ್ ಮೊದಲಾದ ಸಾಹಿತಿಗಳು ಒಂದು ಕಡೆ. 1868ರಲ್ಲಿ ಸಂಸಾರಸಮೇತ ಫ್ರೆಷ್‌ವಾಟರಿಗೆ ಬಂದು ಆಕೆಯ ಮನೆಯೊಂದನ್ನೇ ಬಾಡಿಗೆಗೆ ಹಿಡಿದಿದ್ದ ಡಾರ್ವಿನ್ ಇನ್ನೊಂದು ಕಡೆ. ಹರ್ಷಲರ ಚಿತ್ರಕ್ಕಾಗಿ ಸಾಮಗ್ರಿಗಳನ್ನೆಲ್ಲ ಹೊತ್ತುಕೊಂಡು ಕೆಂಟ್ ಪ್ರಾಂತದಲ್ಲಿದ್ದ ಅವರ ಮನೆಗೇ ಹೋದಳು. ಬಿಳಿಯ ಕೂದಲು ಬೆಳಕನ್ನು ಹಿಡಿಯಲೆಂದು ಆ ಮಹಾ ವಿಜ್ಞಾನಿಗೆ ತಲೆಸ್ನಾನ ಮಾಡಿಸಿ ಕೂರಿಸಿದಳೆಂದು ಹೇಳುತ್ತಾರೆ. ಬೈಬಲಿನ ಕಥೆಗಳು, ಷೇಕ್ಸ್‌ಪಿಯರನ ಪಾತ್ರಗಳು, ರೆಕ್ಕೆ ಕಟ್ಟಿಕೊಂಡು ದೇವದೂತರಾದ ಹಳ್ಳಿಯ ಮಕ್ಕಳು, ಇವೆಲ್ಲವೂ ಆ ಕೋಳಿಮನೆಯಲ್ಲಿ ಮೂಡಿದುವು. ಮನೆಗೆಲಸದ ಮೇರಿ ಹಿಲ್ಲಿಯರ್ ಎಂಬ ಹುಡುಗಿ ಬೆಳಗ್ಗೆ ಕಸ ಗುಡಿಸಿ ಮಧ್ಯಾಹ್ನ ಕ್ರಿಸ್ತನ ತಾಯಿಯಾಗಿ ಕೂರುವಳು. ದಾರಿಯಲ್ಲಿ ಹೋಗುವವರ ಮುಖ ಹಿಡಿಸಿದರೆ ಅವರನ್ನೂ ಒಳಕ್ಕೆ ಕರೆತರುವಳು.

ಇವರಲ್ಲಿ ಮೇರಿ ರಯನ್ ಎಂಬ ಹುಡುಗಿಯ ಕಥೆ ಕಾದಂಬರಿಯಂತಿದೆ. ಭಿಕ್ಷೆ ಬೇಡುತ್ತಿದ್ದ ಐರಿಷ್ ಹೆಂಗಸೊಬ್ಬಳ ಮಗಳು. ಕ್ಯಾಮರಾನ್ ಆಕೆಯನ್ನು ಮನೆಗೆ ಕರೆತಂದು ಓದು ಬರಹ ಕಲಿಸಿ ಕೆಲಸಕ್ಕಿಟ್ಟುಕೊಂಡಿದ್ದಳು. 1865ರಲ್ಲಿ ಲಂಡನ್ನಿನಲ್ಲಿ ನಡೆದ ಪ್ರದರ್ಶನದಲ್ಲಿ ಅವಳ ಚಿತ್ರಗಳನ್ನು ಕಂಡ ತರುಣನೊಬ್ಬ ಮನಸೋತು 1867ರಲ್ಲಿ ಅವಳನ್ನೇ ಮದುವೆಯಾದನು. ಆ ತರುಣ ಹೆನ್ರಿ ಕಾಟನ್. ಭಾರತದ ಸಿವಿಲ್ ಸರ್ವಿಸಿನಲ್ಲಿ ದುಡಿದು, ಅಸ್ಸಾಮಿನ ಮುಖ್ಯ ಕಮಿಷನರಾಗಿ, ನಿವೃತ್ತಿಯ ಬಳಿಕ 1904ರ ಮುಂಬಯಿ ಕಾಂಗ್ರೆಸ್ಸಿನ ಅಧ್ಯಕ್ಷತೆ ವಹಿಸಿದ ಸರ್ ಹೆನ್ರಿ ಕಾಟನ್ ಇವರೇ. ಚರಿತ್ರೆಯ ತರಗತಿಯಲ್ಲಿ ಈ ಹೆಸರನ್ನು ಬರೆದುಕೊಳ್ಳುವಾಗ ಅದರ ಹಿಂದೆ ಇಂಥ ಒಂದು ಛಾಯಾಚಿತ್ರವಿದ್ದೀತೆಂದು ನಾನು ಊಹಿಸಿರಲಿಲ್ಲ.

ಇನ್ನೆರಡು ಮುಖಗಳನ್ನು ಹೇಳದೆ ಮುಂದೆ ಹೋಗಲಾರೆ. ಒಂದು, ತಂಗಿಯ ಮಗಳು ಜೂಲಿಯಾ ಜಾಕ್ಸನ್. ಅರ್ಧ ಬೆಳಕು ಅರ್ಧ ನೆರಳಿನ ಆ ನೇರ ನೋಟ ಮರೆಯಲಾಗದ್ದು. ಕಾದಂಬರಿಗಾರ್ತಿ ವರ್ಜೀನಿಯಾ ವುಲ್ಫ್ ಈಕೆಯ ಮಗಳು. ಅಜ್ಜಿಯ ಅಕ್ಕನಾದ ಕ್ಯಾಮರಾನಳ ಚಿತ್ರಗಳ ಪುಸ್ತಕವನ್ನು 1926ರಲ್ಲಿ ಹೊರತಂದು ಲೋಕಕ್ಕೆ ಮತ್ತೆ ಪರಿಚಯಿಸಿದವಳೂ ಅವಳೇ. ಎರಡನೆಯದು, ಇಥಿಯೋಪಿಯದ ಪುಟ್ಟ ರಾಜಕುಮಾರ ಅಲೆಮಾಯೆಹು. 1868ರಲ್ಲಿ ಬ್ರಿಟಿಷ್ ಸೇನೆ ಮಗ್ದಾಲದ ಕೋಟೆಗೆ ನುಗ್ಗಿದಾಗ ಅವನ ತಂದೆ ಚಕ್ರವರ್ತಿ ತೆವೋದ್ರೋಸ್ ಪ್ರಾಣ ಕಳೆದುಕೊಂಡನು. ಏಳು ವರ್ಷದ ತಬ್ಬಲಿಯನ್ನು ಇಂಗ್ಲೆಂಡಿಗೆ ತಂದರು. ಕ್ಯಾಮರಾನಳ ಚಿತ್ರದಲ್ಲಿ ಆ ಮಗು ತನ್ನದಲ್ಲದ ದೇಶದಲ್ಲಿ, ತನ್ನದಲ್ಲದ ಕಣ್ಣುಗಳ ಮುಂದೆ ಕುಳಿತಿದೆ. ಗೆದ್ದವರ ಕುತೂಹಲಕ್ಕಾಗಿ ತೆಗೆದ ಚಿತ್ರವೇ ಇರಬಹುದು; ಆದರೆ ಮಗುವಿನ ಮುಖದ ದುಃಖವನ್ನು ಆಕೆ ಮರೆಸಲಿಲ್ಲ.

ಇನ್ನು ತಿದ್ದುವ ಮಾತಿಗೆ ಬರುತ್ತೇನೆ. ಆ ಕಾಲದಲ್ಲಿಯೂ ನೆಗೆಟಿವಿನ ಮೇಲೆ ಪೆನ್ಸಿಲು, ಕುಂಚಗಳನ್ನು ಆಡಿಸಿ ಸುಕ್ಕು ಮಚ್ಚೆಗಳನ್ನು ಮರೆಮಾಡುವ ಕಲೆ ಬೆಳೆಯುತ್ತಿತ್ತು. ಮುಖದ ವಿಷಯದಲ್ಲಿ ಶ್ರೀಮತಿ ಕ್ಯಾಮರಾನ್ ಅದಕ್ಕೆ ಒಪ್ಪಲಿಲ್ಲ. ಅಚ್ಚಿನ ಕೆಳಗೆ ಜೀವಂತ ವ್ಯಕ್ತಿಯನ್ನು ಎದುರಿಗಿಟ್ಟುಕೊಂಡು ತೆಗೆದದ್ದೆಂದು ಸ್ವಹಸ್ತದಿಂದ ಬರೆದು ರುಜು ಹಾಕುವಳು. ಬಿರುಕು ಬಿಟ್ಟ ಗಾಜಿನಿಂದಲೂ, ಬೆರಳ ಗುರುತು ಬಿದ್ದ ಗಾಜಿನಿಂದಲೂ ಚಿತ್ರ ಚೆನ್ನಾಗಿದ್ದರೆ ಅಚ್ಚು ತೆಗೆಯುವಳು. ಛಾಯಾಚಿತ್ರ ಪತ್ರಿಕೆಗಳ ವಿಮರ್ಶಕರು ಸುಮ್ಮನಿರುತ್ತಾರೆಯೇ? ಹೆಂಗಸಿಗೆ ಕೆಲಸ ಬಾರದು, ಮಸುಕು ತೆಗೆಯುತ್ತಾಳೆ, ಕೊಳಕು ಫಲಕಗಳನ್ನು ಪ್ರದರ್ಶನಕ್ಕೆ ತರುತ್ತಾಳೆ ಎಂದು ಜರೆದರು. ಚಿತ್ರಕಾರರೂ ಕವಿಗಳೂ ಮೆಚ್ಚಿದರು. 1865ರಲ್ಲಿ ಲಂಡನ್ನಿನ ಸೌತ್ ಕೆನ್ಸಿಂಗ್ಟನ್ ವಸ್ತುಸಂಗ್ರಹಾಲಯ ಆಕೆಯ ಚಿತ್ರಗಳನ್ನು ಕೊಂಡು ಪ್ರದರ್ಶಿಸಿತು. 1866ರಲ್ಲಿ ಬರ್ಲಿನ್ನಿನಲ್ಲಿ ಚಿನ್ನದ ಪದಕ ಬಂತು.

ಹಾಗೆಂದು ಆಕೆ ಏನನ್ನೂ ತಿದ್ದುತ್ತಲೇ ಇರಲಿಲ್ಲವೆಂದು ತಿಳಿಯಬಾರದು. ಟೆನಿಸನ್ನರ ಆರ್ಥರ್ ರಾಜನ ಕಾವ್ಯಕ್ಕೆ 1874 ಮತ್ತು 1875ರಲ್ಲಿ ಚಿತ್ರಸಂಪುಟಗಳನ್ನು ಹೊರತರುವಾಗ, ಬೇಕಾದ ಹತ್ತಾರು ಚಿತ್ರಗಳಿಗಾಗಿ ಇನ್ನೂರಕ್ಕೂ ಹೆಚ್ಚು ಫಲಕಗಳನ್ನು ತೆಗೆದಳು. ಗಾಯಗೊಂಡ ದೊರೆ ದೋಣಿಯಲ್ಲಿ ಕೊನೆಯ ಪಯಣ ಹೊರಡುವ ದೃಶ್ಯವನ್ನು ಮನೆಯೊಳಗೇ ಹೂಡಿ, ಬಟ್ಟೆಯನ್ನು ಹರಡಿ ನೀರೆನ್ನಿಸಿದಳು. ಚಂದ್ರನನ್ನೂ ನೀರಿನ ಗೆರೆಗಳನ್ನೂ ನೆಗೆಟಿವಿನ ಮೇಲೆ ಗೀಚಿ ಮೂಡಿಸಿದಳು. ಇದನ್ನು ಓದಿದಾಗ ನನ್ನ ಗೊಂದಲಕ್ಕೆ ಉತ್ತರ ಸಿಕ್ಕಂತಾಯಿತು. ಕಟ್ಟುಕಥೆಯ ಆಕಾಶಕ್ಕೆ ಚಂದ್ರನನ್ನು ಗೀಚಿದವಳು ಹರ್ಷಲರ ಹಣೆಯ ಒಂದು ಗೆರೆಯನ್ನೂ ಮುಟ್ಟಲಿಲ್ಲ. ಚಂದ್ರ ಕಥೆಗೆ ಸೇರಿದವನು. ಹಣೆಯ ಗೆರೆ ಆ ಮನುಷ್ಯನಿಗೆ ಸೇರಿದ್ದು. ತಿದ್ದಬಹುದೇ ಬಾರದೇ ಎಂಬುದಕ್ಕಿಂತ, ತಿದ್ದುತ್ತಿರುವುದು ಯಾರ ಸೊತ್ತನ್ನು ಎಂಬುದೇ ಕೇಳಬೇಕಾದ ಪ್ರಶ್ನೆ.

ಆಕೆಯ ದೋಷಗಳೆಲ್ಲ ಬೇಕೆಂದೇ ಮಾಡಿದವು ಎಂದು ಹೊಗಳುವವರ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. 1869ರಲ್ಲಿ ಅಚ್ಚುಮೆಚ್ಚಿನ ಹಲವು ನೆಗೆಟಿವುಗಳ ಮೇಲ್ಪದರ ಸೀಳಿ ಹಾಳಾದಾಗ ಆಕೆ ತೀರ ಕಂಗೆಟ್ಟು, ಕಾರಣ ತಿಳಿಯಲು ಬಲ್ಲವರನ್ನೆಲ್ಲ ಕೇಳಿದಳು. ಕೆಲಸ ಕೆಡುವುದು ಆಕೆಗೂ ದುಃಖವೇ. ಕೆಟ್ಟದ್ದರಲ್ಲಿ ಉಳಿದಿರುವ ಒಳ್ಳೆಯದನ್ನು ಎಸೆಯಬಾರದೆಂಬ ವಿವೇಕ ಆಕೆಗಿತ್ತು, ಅಷ್ಟೆ.

ಕೀರ್ತಿ ಬಂದರೂ ಹಣ ಬರಲಿಲ್ಲ. ಅತ್ತ ಸಿಂಹಳದ ಕಾಫಿ ತೋಟಗಳಿಗೆ 1869ರಿಂದ ಎಲೆಯ ತುಕ್ಕು ರೋಗ ತಗುಲಿತು. ನಮ್ಮ ಕೊಡಗು ಚಿಕ್ಕಮಗಳೂರುಗಳ ಬೆಳೆಗಾರರೂ ಚೆನ್ನಾಗಿ ಬಲ್ಲ ರೋಗ ಅದು. 1875ರಲ್ಲಿ ದಂಪತಿಗಳು ಇಂಗ್ಲೆಂಡನ್ನು ಬಿಟ್ಟು ಸಿಂಹಳಕ್ಕೆ, ಎಂದರೆ ಇಂದಿನ ಶ್ರೀಲಂಕಾಕ್ಕೆ ಹೊರಟರು. ಅಲ್ಲಿ ಸಿಕ್ಕೀತೋ ಇಲ್ಲವೋ ಎಂದು ತಮ್ಮ ಶವಪೆಟ್ಟಿಗೆಗಳನ್ನೂ, ಜೊತೆಗೆ ಒಂದು ಹಸುವನ್ನೂ ಹಡಗಿಗೆ ಏರಿಸಿಕೊಂಡರಂತೆ!

ಸಿಂಹಳದಲ್ಲಿ ತೆಗೆದ ಚಿತ್ರಗಳಲ್ಲಿ ಇಂದು ಉಳಿದಿರುವುದು ಮೂವತ್ತಕ್ಕೂ ಕಡಮೆ. ಅವುಗಳಲ್ಲಿ ಹೆಚ್ಚಿನವು ತೋಟದ ಕೂಲಿಗಳ, ಹಳ್ಳಿಯವರ ಚಿತ್ರಗಳು. ಅದೇ ಬೆಳಕು, ಅದೇ ಗಾಂಭೀರ್ಯ. ಆದರೆ ಇಲ್ಲಿ ನನಗೊಂದು ಕೊರತೆ ಕಾಣುತ್ತದೆ. ಇಂಗ್ಲೆಂಡಿನಲ್ಲಿ ಮನೆಗೆಲಸದವಳ ಹೆಸರೂ ನಮಗೆ ಗೊತ್ತು. ಸಿಂಹಳದ ಈ ತಮಿಳರು, ಸಿಂಹಳೀಯರು ಕಳುತರದ ರೈತರು, ಸಿಂಹಳದ ಹೆಂಗಸು ಎಂಬ ತಲೆಬರಹದ ಕೆಳಗೆ ಹೆಸರಿಲ್ಲದೆ ನಿಂತಿದ್ದಾರೆ. ಸುಕ್ಕನ್ನು ಅಳಿಸದ ಕೈ ಹೆಸರನ್ನು ಬರೆಯಲು ಮರೆಯಿತು. ಒಡೆಯರ ದೇಶದಿಂದ ಬಂದ ತೋಟದ ಯಜಮಾನಿಗೆ ಆ ಹೆಸರುಗಳು ಮುಖ್ಯವೆನಿಸಲಿಲ್ಲವೋ ಏನೋ. ಆಕೆಯ ಕಲೆಗೆ ಕೈಮುಗಿಯುವಾಗಲೂ ಇದನ್ನು ಮರೆಯಲಾರೆ.

1879ರ ಜನವರಿ 26ರಂದು ಸಿಂಹಳದ ಬೆಟ್ಟಸೀಮೆಯಲ್ಲಿ ಆಕೆ ತೀರಿಕೊಂಡಳು. ಮರುವರ್ಷ ಪತಿಯೂ ತೀರಿಕೊಂಡನು. ಬೊಗವಂತಲಾವದ ಚರ್ಚಿನ ಅಂಗಳದಲ್ಲಿ ಇಬ್ಬರೂ ಮಲಗಿದ್ದಾರೆ. ಆಕೆ ಚಿತ್ರ ತೆಗೆದಿದ್ದ ರಾಜಕುಮಾರ ಅಲೆಮಾಯೆಹು ಅದೇ ವರ್ಷದ ನವೆಂಬರಿನಲ್ಲಿ, ಹದಿನೆಂಟರ ಹರೆಯದಲ್ಲಿ, ಪರದೇಶದಲ್ಲಿಯೇ ಕಣ್ಣುಮುಚ್ಚಿದನು. ನಲವತ್ತೆಂಟರಲ್ಲಿ ಆರಂಭಿಸಿ ಹದಿನೈದೇ ವರ್ಷಗಳಲ್ಲಿ ಆಕೆ ಬಿಟ್ಟುಹೋದ ಚಿತ್ರಗಳು ಸುಮಾರು 1200.

ಕಳೆದ ತಿಂಗಳು ನಾನು ಕ್ಯಾಮರಾ ಹಿಡಿದು ನಮ್ಮ ಹಳೆಯ ಜವಾನರ ಮನೆಗೆ ಹೋದೆ. ಇನ್ನೊಂದು ಚಿತ್ರ ತೆಗೆಯುತ್ತೇನೆಂದಾಗ ಅವರು ನಕ್ಕು ಒಪ್ಪಿದರು. ಕಿಟಕಿಯ ಬಳಿ ಕಪ್ಪು ಕಂಬಳಿಯನ್ನು ನೇತುಹಾಕಿ, ಬಲಗಡೆಯಿಂದ ಬೆಳಕು ಬೀಳುವಂತೆ ಕೂರಿಸಿದೆ. ಹುಬ್ಬಿನ ಗಾಯ ಹೇಗಾಯಿತೆಂದು ಅಂದು ಕೇಳಿದೆ. ಮೂವತ್ತು ವರ್ಷಗಳ ಹಿಂದೆ ಒಂದು ಮಳೆಗಾಲದ ಬೆಳಗ್ಗೆ ಗಂಟೆಯ ಕೊಕ್ಕೆ ಕಳಚಿ ಹಣೆಗೆ ಬಡಿಯಿತಂತೆ. ರಕ್ತ ಒರೆಸಿಕೊಂಡು, ಕೊಕ್ಕೆಯನ್ನು ಸರಿಪಡಿಸಿ, ಮೊದಲನೆಯ ಪೀರಿಯಡ್ಡಿಗೆ ಹೊತ್ತಿಗೆ ಸರಿಯಾಗಿ ಗಂಟೆ ಹೊಡೆದರಂತೆ. ಅದನ್ನು ಹೇಳುವಾಗಿನ ಮುಖವನ್ನೇ ಹಿಡಿದೆ. ಕೈ ಸ್ವಲ್ಪ ನಡುಗಿ ಒಂದು ಕಿವಿ ಮಸುಕಾಗಿದೆ, ಹಾಗೆಯೇ ಬಿಟ್ಟಿದ್ದೇನೆ. ಈ ಸಂಚಿಕೆಯ ಬೇರೊಂದು ಪುಟದಲ್ಲಿ ಆ ಚಿತ್ರವಿದೆ. ಕೆಳಗೆ ಅವರ ಹೆಸರನ್ನು, ತಂದೆಯ ಹೆಸರು ಮತ್ತು ಊರಿನ ಸಮೇತ ಪೂರ್ತಿಯಾಗಿ ಅಚ್ಚುಮಾಡಬೇಕೆಂದು ಸಂಪಾದಕರಲ್ಲಿ ಬೇಡಿಕೊಂಡಿದ್ದೇನೆ.